ಯೂನಿಯನ್ ಸಣ್ಣದು, ಮಾಲೀಕರು ದೊಡ್ಡವರು: ಜಿಲ್ಲಾ ಕೌನ್ಸಿಲ್ ಏನು ಮಾಡುತ್ತದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಕಾರ್ಮಿಕ ಸಂಘಟನೆಗಳ ಜಿಲ್ಲಾ ಕೌನ್ಸಿಲ್ ಬಗ್ಗೆ ಎರಡೇ ಸಾಲು ಬರೆದಿದ್ದೆ. ಅದಕ್ಕೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆಯಿಂದ ಪತ್ರ ಬಂದಿವೆ. ಹಾಗಾಗಿ ಈ ಸಲ ಪೂರಾ ಅದೇ ವಿಷಯ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಎಐಟಿಯುಸಿ, ಸಿಐಟಿಯು, ಐಎನ್‌ಟಿಯುಸಿ, ಬಿಎಂಎಸ್‌ನಂಥ ಕೇಂದ್ರ ಸಂಘಟನೆಗಳಿಗೆ ಜಿಲ್ಲೆಯಲ್ಲಿ ಒಂದು ಸಮಿತಿ ಇರುತ್ತದೆ. ಬೇರೆ ಬೇರೆ ಕಾರ್ಖಾನೆಯ ಯೂನಿಯನ್‌ಗಳು ಅದಕ್ಕೆ ಸೇರಿಕೊಂಡು ತಮ್ಮ ಪ್ರತಿನಿಧಿಗಳನ್ನು ಕಳಿಸುತ್ತವೆ. ಕೆಲವರು ಜಿಲ್ಲಾ ಸಮಿತಿ ಅಂತಾರೆ, ಕೆಲವರು ಕೌನ್ಸಿಲ್ ಅಂತಾರೆ. ಇನ್ನು ಪತ್ರಗಳು.

ಪ್ರಶ್ನೆ: ನಾನು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಫೆಟ್ಲಿಂಗ್, ಅಂದರೆ ಎರಕದ ಮಾಲು ಉಜ್ಜಿ ಸಾಫ್ ಮಾಡುವ ಕೆಲಸ ಮಾಡುತ್ತೇನೆ. ನಲವತ್ತು ಜನ ಸೇರಿ ಯೂನಿಯನ್ ಕಟ್ಟಿದೆವು. ಹದಿನೈದೇ ದಿನಕ್ಕೆ ನಮ್ಮಲ್ಲಿ ಮೂವರನ್ನು ಗೇಟಿನಲ್ಲೇ ತಡೆದರು. ಕಾಗದ ಏನೂ ಕೊಟ್ಟಿಲ್ಲ, "ನಾಳೆಯಿಂದ ಬರಬ್ಯಾಡ" ಅಂದರು, ಅಷ್ಟೇ. ಜಿಲ್ಲಾ ಕೌನ್ಸಿಲ್‌ಗೆ ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ಅವರು ಬಂದು ಮಾಲೀಕರ ಜೊತೆ ಜಗಳ ಮಾಡ್ತಾರಾ ಸರ್? ಉಳಿದ ಹುಡುಗರು ನಾಳೆಯೇ ಕೆಲಸ ನಿಲ್ಲಿಸೋಣ ಅನ್ನುತ್ತಿದ್ದಾರೆ.
— ಹೆಸರು ಬೇಡ, ಬೆಳಗಾವಿ

ಉತ್ತರ: ತಮ್ಮಾ, ಕೊನೆಯ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ನಾಳೆ ಕೆಲಸ ನಿಲ್ಲಿಸಬೇಡಿ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು, ಅಂದರೆ ಹಳೆಯ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ಬಂದ ಹೊಸ ಕಾನೂನುಗಳು, ಜಾರಿಗೆ ಬಂದಿವೆ. ಅದರಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಯಾವ ಕಾರ್ಖಾನೆಯಲ್ಲೇ ಆಗಲಿ ಮುಷ್ಕರಕ್ಕೆ 14 ದಿನ ಮೊದಲು ನೋಟಿಸ್ ಕೊಡಬೇಕು. ಮೊದಲು ಈ ನಿಯಮ ನೀರು, ಕರೆಂಟು, ರೈಲಿನಂಥ ಸಾರ್ವಜನಿಕ ಸೇವೆಗಳಿಗೆ ಮಾತ್ರ ಇತ್ತು. ಇನ್ನೊಂದು ಬದಲಾವಣೆಯೂ ಆಗಿದೆ. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಜನ ಮಾತಾಡಿಕೊಂಡು ಒಂದೇ ದಿನ ಕ್ಯಾಶುವಲ್ ಲೀವ್ ಹಾಕಿದರೂ ಅದನ್ನು ಮುಷ್ಕರ ಅಂತಲೇ ಲೆಕ್ಕ ಹಿಡಿಯುತ್ತಾರೆ. ನೀವು ಸಿಟ್ಟಿನಲ್ಲಿ ಹೊರಗೆ ಬಂದರೆ ಮೂವರ ಕೇಸು ನಲವತ್ತು ಜನರ ಕೇಸಾಗುತ್ತದೆ, ತಪ್ಪು ನಿಮ್ಮ ತಲೆಗೆ ಬರುತ್ತದೆ. ಎಷ್ಟೋ ಕಡೆ ಮಾಲೀಕರು ಕಾಯುವುದೂ ಅದಕ್ಕೇ.

ಈಗ ಕೌನ್ಸಿಲ್ ವಿಷಯ. ಅವರು ಜಗಳ ಮಾಡುವುದಕ್ಕಿಂತ ಮೊದಲು ನಿಮ್ಮನ್ನು ಕೂರಿಸಿ ಕಾಗದ ಕೇಳುತ್ತಾರೆ. ಇಎಸ್‌ಐ ಕಾರ್ಡ್, ಪಿಎಫ್‌ನ ಯುಎಎನ್ ನಂಬರ್, ಪಗಾರದ ಸ್ಲಿಪ್, ಗೇಟ್ ಪಾಸ್, ಸೂಪರ್‌ವೈಸರ್ ಕಳಿಸಿದ ವಾಟ್ಸಾಪ್ ಮೆಸೇಜು, ಬ್ಯಾಂಕಿಗೆ ಪಗಾರ ಬಿದ್ದ ಎಂಟ್ರಿ. "ನಾವು ಹೋರಾಟಕ್ಕೆ ಬಂದರೆ ಇವರು ಜೆರಾಕ್ಸ್ ಕೇಳ್ತಾರೆ" ಅಂತ ಬೇಜಾರಾಗುವವರನ್ನು ಬಹಳ ನೋಡಿದ್ದೇನೆ. ಆದರೆ ಕೇಸು ನಿಲ್ಲುವುದೂ ಬೀಳುವುದೂ ಅಲ್ಲೇ. ನಿಮ್ಮನ್ನು ಬಾಯಿಮಾತಲ್ಲಿ ತೆಗೆದಿದ್ದಾರೆ ಅಲ್ವಾ? ನಾಳೆ ಕಾರ್ಮಿಕ ಅಧಿಕಾರಿಯ ಮುಂದೆ ಕಂಪನಿಯವರು ಹೇಳುವ ಮಾತು ಈಗಲೇ ಗೊತ್ತು: "ನಾವು ತೆಗೆದೇ ಇಲ್ಲ ಸಾಹೇಬ್ರ, ಅವರೇ ಬರೋದು ಬಿಟ್ಟರು." ಇದಕ್ಕೆ ಮದ್ದು ಇವತ್ತೇ ಆಗಬೇಕು. ಮೂವರೂ ದಿನಾ ಶಿಫ್ಟ್ ಟೈಮಿಗೆ ಸರಿಯಾಗಿ ಗೇಟಿಗೆ ಹೋಗಿ. ಬಿಡದಿದ್ದರೆ ಗೇಟಿನ ಮುಂದೆ ನಿಂತು ಫೋಟೋ ತೆಗೆದುಕೊಳ್ಳಿ, ಟೈಮು ಕಾಣಬೇಕು. ಇದೇ ವಾರದಲ್ಲಿ "ನಾವು ಕೆಲಸಕ್ಕೆ ಸಿದ್ಧವಿದ್ದೇವೆ, ಇಂಥ ತಾರೀಖಿನಿಂದ ನಮ್ಮನ್ನು ಒಳಗೆ ಬಿಡುತ್ತಿಲ್ಲ" ಅಂತ ಪತ್ರ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಸ್ವೀಕೃತಿ ಸಮೇತ ಕಳಿಸಿ. ಒಂದು ಪ್ರತಿ ಕಾರ್ಮಿಕ ಇಲಾಖೆಗೂ ಹೋಗಲಿ. ಈ ಪತ್ರವನ್ನು ಕೌನ್ಸಿಲ್‌ನವರ ಕೈಯಲ್ಲೇ ಬರೆಸಿ, ಅವರಿಗೆ ಇದು ಕೈಗೆ ಬಂದ ಕೆಲಸ.

ಆಮೇಲೆ ರಾಜಿ ಸಂಧಾನಕ್ಕೆ ಅರ್ಜಿ. ಅಧಿಕಾರಿ ಎರಡೂ ಕಡೆಯವರನ್ನು ಕರೆಯುತ್ತಾರೆ. ಮೊದಲ ತಾರೀಖಿಗೆ ಮಾಲೀಕರು ಬರುವುದಿಲ್ಲ, ಅವರ ಎಚ್‌ಆರ್ ಬಂದು "ಟೈಮ್ ಬೇಕು" ಅಂತಾರೆ. ಎರಡನೆಯದಕ್ಕೂ ಹಾಗೇ ಆದೀತು. ಸಭೆ ಮುಗಿದ ಮೇಲೆ ಅಲ್ಲೇ ನಡಾವಳಿ ಟೈಪ್ ಮಾಡಿ ಇಬ್ಬರ ಸಹಿ ತೆಗೆದುಕೊಳ್ಳುತ್ತಾರೆ. ಹೊಸ ಹುಡುಗರು ಅದನ್ನು ಓದದೆ ಸಹಿ ಹಾಕಿ ಚಹಾ ಕುಡಿಯಲು ಹೋಗಿಬಿಡುತ್ತಾರೆ. ಅನುಭವ ಇರುವ ಕೌನ್ಸಿಲ್‌ನ ಮನುಷ್ಯ ಮಾತ್ರ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದುತ್ತಾನೆ. "ಆಡಳಿತ ವರ್ಗವು ವಿಷಯವನ್ನು ಪರಿಶೀಲಿಸುವುದಾಗಿ ತಿಳಿಸಿತು" ಅಂತಿದ್ದರೆ, ಎಷ್ಟು ದಿನದೊಳಗೆ ಅಂತ ಬರೆಸುತ್ತಾನೆ. "ಕಾರ್ಮಿಕರು ಗೈರುಹಾಜರಾಗಿದ್ದು" ಅಂತ ಎಲ್ಲೋ ಮಧ್ಯದಲ್ಲಿ ನುಸುಳಿದ್ದರೆ ಅದನ್ನು ಹೊಡೆದು ಹಾಕಿಸದೆ ಸಹಿ ಹಾಕುವುದಿಲ್ಲ. ನನ್ನ ಕೇಳಿದರೆ ಕೌನ್ಸಿಲ್‌ಗೆ ಕೊಡುವ ಚಂದಾ ಈ ಹತ್ತು ನಿಮಿಷಕ್ಕೇ ವಸೂಲಾಗುತ್ತದೆ.

ಸಂಧಾನದಲ್ಲಿ ಒಪ್ಪಂದ ಆದರೆ ಅದನ್ನು ನಮ್ಮ ಕಡೆ ಹಳಬರು ಈಗಲೂ "ಟ್ವೆಲ್ವ್ ತ್ರೀ" ಅಂತಲೇ ಕರೆಯುತ್ತಾರೆ, 1947ರ ಕೈಗಾರಿಕಾ ವಿವಾದ ಕಾಯ್ದೆಯ ಸೆಕ್ಷನ್ ಅದು. ಕಾಯ್ದೆ ಬದಲಾದರೂ ತತ್ವ ಅದೇ ಇದೆ. ಅಧಿಕಾರಿಯ ಮುಂದೆ ಆದ ಒಪ್ಪಂದ ಯೂನಿಯನ್ ಸದಸ್ಯರಿಗಷ್ಟೇ ಅಲ್ಲ, ಆ ಕಾರ್ಖಾನೆಯ ಎಲ್ಲ ಕಾರ್ಮಿಕರಿಗೂ ಅನ್ವಯಿಸುತ್ತದೆ. ಮಾಲೀಕರ ಕ್ಯಾಬಿನ್ನಿನಲ್ಲಿ ಕೂತು ಮಾಡಿಕೊಂಡದ್ದು ಸಹಿ ಹಾಕಿದವರಿಗೆ ಮಾತ್ರ. ಒಪ್ಪಂದ ಆಗದಿದ್ದರೆ, ಅರ್ಜಿ ಕೊಟ್ಟು 45 ದಿನ ಕಳೆದ ಮೇಲೆ ಕೆಲಸ ಕಳೆದುಕೊಂಡವನು ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ತೆಗೆದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಇದಕ್ಕೆ ಯೂನಿಯನ್ನೇ ಬೇಕೆಂದಿಲ್ಲ, ಒಬ್ಬನೇ ಹೋದರೂ ನಡೆಯುತ್ತದೆ. ಯೂನಿಯನ್ ಕಟ್ಟಿದ್ದಕ್ಕೆ ಕೆಲಸದಿಂದ ತೆಗೆಯುವುದು ಕಾನೂನಿನಲ್ಲಿ ಅನುಚಿತ ಕಾರ್ಮಿಕ ಪದ್ಧತಿ. ಅರ್ಜಿಯಲ್ಲಿ ಆ ಮಾತು ಬಿಟ್ಟುಹೋಗದಂತೆ ನೋಡಿಕೊಳ್ಳಿ.

ಜಗಳದ ಬಗ್ಗೆ ಕೇಳಿದಿರಿ. ನಲವತ್ತು ಜನಕ್ಕೆ ಮಾಲೀಕರು ಹೆದರುವುದಿಲ್ಲ. ಆದರೆ ಸಂಜೆ ಶಿಫ್ಟ್ ಬಿಟ್ಟ ಮೇಲೆ ಪಕ್ಕದ ಫೌಂಡ್ರಿಯವರು, ಮಚ್ಛೆ ಕಡೆಯವರು, ಹೊನಗಾದವರು ನಿಮ್ಮ ಗೇಟಿನ ಮುಂದೆ ಬಂದು ಅರ್ಧ ತಾಸು ನಿಂತು ಭಾಷಣ ಕೇಳಿ ಹೋದರೆ ವಿಷಯ ಬೇರೆಯಾಗುತ್ತದೆ, ಯಾಕೆಂದರೆ ಆ ಇಂಡಸ್ಟ್ರಿಯಲ್ ಏರಿಯಾದ ಮಾಲೀಕರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವವರು, ರಾತ್ರಿಯೊಳಗೆ ಫೋನು ಓಡಾಡುತ್ತವೆ. ಆ ಜನರನ್ನು ಕರೆಸುವುದು ಕೌನ್ಸಿಲ್‌ಗೆ ಮಾತ್ರ ಆಗುವ ಕೆಲಸ. ಒಂದೇ ಷರತ್ತು, ಮುಂದಿನ ತಿಂಗಳು ಅವರ ಗೇಟಿಗೆ ನೀವೂ ಹೋಗಬೇಕು.

ಪ್ರಶ್ನೆ: ನಮ್ಮದು ರಬಕವಿ-ಬನಹಟ್ಟಿ. ಪವರ್‌ಲೂಮ್‌ನಲ್ಲಿ ಸೀರೆಗೆ ಇಷ್ಟು ಅಂತ ಮಜೂರಿ. ಒಬ್ಬ ಮಾಲೀಕರ ಹತ್ತಿರ ನಾಲ್ಕು ಮಗ್ಗ, ಇನ್ನೊಬ್ಬರ ಹತ್ತಿರ ಎಂಟು. ಮಜೂರಿ ಜಾಸ್ತಿ ಕೇಳಿದರೆ "ನನಗೇ ಸಾವಕಾರ ಕೊಡೋದು ಇಷ್ಟು" ಅಂತಾರೆ. ನಾವು ಯಾರ ಮೇಲೆ ಯೂನಿಯನ್ ಮಾಡೋದು?
— ಮಗ್ಗದ ಕೂಲಿಕಾರ

ಉತ್ತರ: ನಿಮ್ಮ ಮಾಲೀಕರು ಹೇಳುವುದು ಪೂರಾ ಸುಳ್ಳಲ್ಲ, ಅದೇ ತೊಂದರೆ. ನೂಲು, ಬೀಮು (ಹಾಸಿನ ನೂಲು ಸುತ್ತಿದ ಉರುಳೆ) ಕೊಡುವ ವ್ಯಾಪಾರಿ ಒಬ್ಬ, ಮಗ್ಗದ ಮಾಲೀಕ ಒಬ್ಬ, ನೇಯುವವರು ನೀವು. ಒಂದು ಮನೆಯ ನಾಲ್ಕು ಮಗ್ಗ ನಿಲ್ಲಿಸಿದರೆ ಕೆಲಸ ಪಕ್ಕದ ಓಣಿಗೆ ಹೋಗುತ್ತದೆ. ಹಾಗಾಗಿ ನಿಮ್ಮಂಥ ಕಡೆ ಕಾರ್ಖಾನೆ ಯೂನಿಯನ್ ಅನ್ನುವುದಕ್ಕೆ ಅರ್ಥವೇ ಇಲ್ಲ. ಪೂರಾ ಊರಿಗೆ ಒಂದು ಸಂಘ, ಆ ಕಡೆ ಮಗ್ಗದ ಮಾಲೀಕರ ಸಂಘ, ಮಧ್ಯೆ ಕಾರ್ಮಿಕ ಇಲಾಖೆ. ಈ ಮೂರನ್ನು ಒಂದು ಟೇಬಲ್ಲಿಗೆ ತರುವುದೇ ಜಿಲ್ಲಾ ಸಮಿತಿಯ ಕೆಲಸ. ಮಜೂರಿ ಒಪ್ಪಂದ ಬಾಯಿಮಾತಲ್ಲಿ ಬೇಡ, ಲಿಖಿತದಲ್ಲಿ ಆಗಲಿ. ಇಂಥ ಸೀರೆಗೆ ಇಷ್ಟು, ಇಂಥ ತಾರೀಖಿನಿಂದ, ಮುಂದಿನ ಪರಿಷ್ಕರಣೆ ಯಾವಾಗ ಅನ್ನುವುದೂ ಅದರಲ್ಲಿರಬೇಕು.

ಪೀಸಿನ ಲೆಕ್ಕದಲ್ಲಿ ದುಡಿಯುವವರಿಗೂ ಕನಿಷ್ಠ ವೇತನ ಉಂಟು. ವೇತನ ಸಂಹಿತೆ ಬಂದ ಮೇಲೆ ಸರ್ಕಾರದ ಪಟ್ಟಿಯಲ್ಲಿರುವ ಉದ್ಯೋಗ, ಇಲ್ಲದ ಉದ್ಯೋಗ ಅನ್ನುವ ಭೇದವೂ ಹೋಗಿದೆ. ಕರೆಂಟು ಕೈಕೊಟ್ಟು ಮಗ್ಗ ನಿಂತ ತಾಸುಗಳನ್ನು ಬರೆದಿಡಿ, ಮಾತುಕತೆಯಲ್ಲಿ ಅದು ಬಹಳ ಕೆಲಸಕ್ಕೆ ಬರುತ್ತದೆ.

ಇನ್ನೊಂದು, ನೀವು ಕೇಳದೆ ಇದ್ದರೂ ಹೇಳುತ್ತೇನೆ. ಕಂಡಿಕೆ, ಅಂದರೆ ಮಗ್ಗಕ್ಕೆ ಹಾಕುವ ನೂಲಿನ ಸಣ್ಣ ಉರುಳೆ, ಸುತ್ತುವ ಹೆಣ್ಣುಮಕ್ಕಳ ಕೂಲಿ ಒಪ್ಪಂದದಲ್ಲಿ ಸೇರುವುದೇ ಅಪರೂಪ. "ಅದು ಮನೆ ಕೆಲಸ" ಅಂತ ಗಂಡಸರೇ ತಳ್ಳಿಹಾಕುತ್ತಾರೆ. ಕಂಡಿಕೆ ಇಲ್ಲದೆ ಮಗ್ಗ ಓಡುತ್ತಾ? ಅವರ ದರಕ್ಕೂ ಒಂದು ಸಾಲು ಹಾಕಿಸಿ, ಸಮಿತಿಯಲ್ಲಿ ಅವರಲ್ಲೇ ಒಬ್ಬರು ಕೂರಲಿ.

ಪ್ರಶ್ನೆ: ಅಪ್ಪ ಗೌಂಡಿ ಕೆಲಸ ಮಾಡುತ್ತಾರೆ, ವಯಸ್ಸು 57. ಕಟ್ಟಡ ಕಾರ್ಮಿಕರ ಕಾರ್ಡ್ ಮಾಡಿಸಿಕೊಡಲು ಒಬ್ಬರು ಎರಡು ಸಾವಿರ ಕೇಳುತ್ತಿದ್ದಾರೆ, ತಾವು ಯೂನಿಯನ್‌ನವರೇ ಅಂತಾರೆ. ಕೊಡಬಹುದಾ?
— ಬಿ.ಎ. ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಕೊಡಬೇಡಮ್ಮ. ರಸೀದಿ ಕೇಳಿ ನೋಡು, ಮನುಷ್ಯ ಮಾಯವಾಗುತ್ತಾನೆ. ಈ ಕಾರ್ಡ್ ಕೊಡುವ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ವಯಸ್ಸು 18ರಿಂದ 60ರೊಳಗೆ ಇರಬೇಕು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಮಂಡಳಿ ಕೊಡುವ ಸಹಾಯದ ದುಡ್ಡು ಸರ್ಕಾರ ತನ್ನ ಜೇಬಿನಿಂದ ಕೊಡುವುದಲ್ಲ, ಕಟ್ಟಡದ ವೆಚ್ಚದ ಮೇಲೆ ಕಟ್ಟಿಸುವವರಿಂದ ತೆಗೆದುಕೊಳ್ಳುವ ಒಂದು ಪರ್ಸೆಂಟ್ ಸೆಸ್. ಅಂದರೆ ಅದು ನಿಮ್ಮಪ್ಪನಂಥವರಿಗೆಂದೇ ಇಟ್ಟ ದುಡ್ಡು.

ತೊಡಕು ಇರುವುದು 90 ದಿನದ ದೃಢೀಕರಣದಲ್ಲಿ. ಅಪ್ಪ ಒಂದು ತಿಂಗಳು ಒಬ್ಬರ ಮನೆ, ಇನ್ನೊಂದು ತಿಂಗಳು ಮತ್ತೊಬ್ಬರ ಕಂಪೌಂಡು ಕಟ್ಟುತ್ತಾರೆ, ಯಾರು ಸಹಿ ಹಾಕುತ್ತಾರೆ? ನಿಜವಾದ ಕಟ್ಟಡ ಕಾರ್ಮಿಕರ ಸಂಘ ಬೇಕಾಗುವುದು ಇಲ್ಲೇ. ಅವರು ಅಪ್ಪನ ಮೇಸ್ತ್ರಿಯನ್ನು ಕರೆಸಿ ಕೇಳಿ, ಕೆಲಸದ ಜಾಗ ನೋಡಿ, ಆಮೇಲೆ ಮುಂದಿನ ದಾರಿ ಹೇಳುತ್ತಾರೆ. ಕೇಳದೆ ಕರೆಯದೆ ಸೀಲು ಒತ್ತಿಕೊಡುವವರಿಂದ ದೂರ ಇರಿ. ಗೌಂಡಿ ಅಲ್ಲದವರೆಲ್ಲ ಕಾರ್ಡ್ ಮಾಡಿಸಿಕೊಂಡು, ಆಮೇಲೆ ತನಿಖೆ ಶುರುವಾಗಿ, ನಿಜವಾಗಿ ಇಟ್ಟಿಗೆ ಹೊತ್ತವರ ಅರ್ಜಿಯೂ ಮೂಲೆಗೆ ಬಿದ್ದಿರುವುದು ಇಂಥವರ ಕೃಪೆಯಿಂದಲೇ. ಅಪ್ಪನಿಗೆ ಅರವತ್ತಾಗಲು ಮೂರೇ ವರ್ಷ ಇದೆ, ತಡ ಮಾಡಬೇಡ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಕೆಲಸದ ಜಾಗದ ಎರಡು ಫೋಟೋ ಹಿಡಿದು ಸೀದಾ ಕಾರ್ಮಿಕ ಇಲಾಖೆಯ ಕಚೇರಿಗೇ ಹೋಗಿ ಕೇಳು.

ಪ್ರಶ್ನೆ: ಮಗಳು ಅಮೆರಿಕದಲ್ಲಿ ನರ್ಸ್, ಅಲ್ಲಿ ಯೂನಿಯನ್ ಸದಸ್ಯೆ. ಅವರ ಊರಿನಲ್ಲಿ ಲೇಬರ್ ಕೌನ್ಸಿಲ್ ಅಂತ ಇದೆಯಂತೆ. ನಮ್ಮದೂ ಅವರದೂ ಒಂದೇನಾ?
— ನಿವೃತ್ತ ಶಿಕ್ಷಕ, ಟಿಳಕವಾಡಿ

ಉತ್ತರ: ಬೇರು ಒಂದೇ, ರೀತಿ ಬೇರೆ ಸರ್. ಅಲ್ಲಿ ಎಎಫ್‌ಎಲ್-ಸಿಐಒ ಅನ್ನುವ ದೊಡ್ಡ ಒಕ್ಕೂಟ ಇದೆ, 1955ರಲ್ಲಿ ಎರಡು ಒಕ್ಕೂಟ ಕೂಡಿ ಆದದ್ದು. ಒಂದು ಊರು ಅಥವಾ ಪ್ರದೇಶದ ಯೂನಿಯನ್‌ಗಳು, ಅಂದರೆ ನರ್ಸ್, ಮೇಷ್ಟ್ರು, ಬಸ್ ಡ್ರೈವರ್, ಪ್ಲಂಬರ್ ಎಲ್ಲ, ಸದಸ್ಯರ ತಲೆಗಿಷ್ಟು ಅಂತ ಕಟ್ಟಿ ಕೌನ್ಸಿಲ್ ನಡೆಸುತ್ತಾರೆ. ಮುಷ್ಕರದಲ್ಲಿರುವವರ ಜೊತೆ ಬೇರೆಯವರು ಹೋಗಿ ನಿಲ್ಲುವುದು, ಚುನಾವಣೆಯಲ್ಲಿ ಯಾರಿಗೆ ಬೆಂಬಲ ಅಂತ ತೀರ್ಮಾನಿಸುವುದು ಇದೆಲ್ಲ ಅಲ್ಲೂ ಉಂಟು.

ನನಗೆ ಇಷ್ಟವಾದ ಸಂಗತಿ 1919ರ ಫೆಬ್ರವರಿಯದು. ಸಿಯಾಟಲ್‌ನ ಹಡಗು ಕಟ್ಟೆ ಕಾರ್ಮಿಕರಿಗೆ ಬೆಂಬಲವಾಗಿ ಅಲ್ಲಿನ ಸೆಂಟ್ರಲ್ ಲೇಬರ್ ಕೌನ್ಸಿಲ್ ಊರಿಗೆ ಊರೇ ನಿಲ್ಲಿಸಿತು. ಸುಮಾರು 65,000 ಜನ ಕೆಲಸ ಬಿಟ್ಟರು. ಹಾಲಿನ ಗಾಡಿಯವರೂ ಮುಷ್ಕರದಲ್ಲಿ ಇದ್ದರಲ್ಲ, ಕೂಸುಗಳ ಗತಿ ಏನು? ಅವರೇ ಓಣಿ ಓಣಿಯಲ್ಲಿ ಹಾಲಿನ ಕೇಂದ್ರ ತೆರೆದು ಹಂಚಿದರು. ದೊಡ್ಡ ದೊಡ್ಡ ಅಡುಗೆಮನೆ ನಡೆಸಿ ಸಾವಿರಾರು ಜನರಿಗೆ ಊಟ ಹಾಕಿದರು. ಕೆಲವೇ ದಿನಕ್ಕೆ ಮುಷ್ಕರ ಮುಗಿಯಿತು, ಕೇಳಿದ್ದೂ ಸಿಗಲಿಲ್ಲ. ಆದರೂ ಊರಿನ ಕೌನ್ಸಿಲ್ ಅಂದರೆ ಏನು ಅಂತ ಅರ್ಥ ಮಾಡಿಕೊಳ್ಳಲು ಆ ಹಾಲಿನ ಲೆಕ್ಕ ಸಾಕು. ಮಗಳಿಗೆ ನಮಸ್ಕಾರ ಹೇಳಿ.

ಪ್ರಶ್ನೆ: ಎಲ್ಲ ಸಂಘಟನೆಗಳೂ ಒಂದೊಂದು ಪಕ್ಷದ ಬಾಲ. ನಮ್ಮ ಚಂದಾ ದುಡ್ಡು ಅವರ ಬ್ಯಾನರ್‌ಗೆ ಹೋಗುತ್ತದೆ. ಕೌನ್ಸಿಲ್‌ಗೆ ಸೇರದೆ ನಮ್ಮ ಪಾಡಿಗೆ ನಾವಿದ್ದರೆ ಏನು ನಷ್ಟ?
— ಗೋಕಾಕ ತಾಲ್ಲೂಕಿನ ಓದುಗ

ಉತ್ತರ: ನಿಮ್ಮ ಸಿಟ್ಟಿಗೆ ಕಾರಣ ಇಲ್ಲದಿಲ್ಲ. 1920ರಲ್ಲಿ ಮುಂಬಯಿಯಲ್ಲಿ ಎಐಟಿಯುಸಿ ಹುಟ್ಟಿದಾಗ ಲಾಲಾ ಲಜಪತ್ ರಾಯ್ ಅಧ್ಯಕ್ಷರು, ಎಲ್ಲರೂ ಒಂದೇ ಚಪ್ಪರದ ಕೆಳಗೆ. 1947ಕ್ಕೆ ಐಎನ್‌ಟಿಯುಸಿ ಬೇರೆಯಾಯಿತು, 1955ಕ್ಕೆ ಬಿಎಂಎಸ್ ತನ್ನದೇ ಆಗಿ ಹುಟ್ಟಿತು, 1970ಕ್ಕೆ ಸಿಐಟಿಯು ಒಡೆದು ಹೊರಬಂತು. 2025ರ ಜುಲೈ 9ರ ದೇಶವ್ಯಾಪಿ ಮುಷ್ಕರಕ್ಕೂ ಹತ್ತು ಕೇಂದ್ರ ಸಂಘಟನೆಗಳು ಕರೆ ಕೊಟ್ಟವು, ಬಿಎಂಎಸ್ ಹೊರಗುಳಿಯಿತು. ಮೇಲಿನವರ ಈ ಜಗಳ ಕೆಳಗೆ ಒಂದೇ ಕಾರ್ಖಾನೆಯಲ್ಲಿ ಮೂರು ಬೋರ್ಡು ತೂಗುವ ಹಾಗೆ ಮಾಡಿದೆ. ಹೊಸ ಸಂಹಿತೆಯಲ್ಲಿ ಇದು ಜಾಸ್ತಿ ಕಾಡುತ್ತದೆ. ಶೇಕಡಾ 51 ಸದಸ್ಯರಿರುವ ಯೂನಿಯನ್ ಒಂದೇ ಮಾಲೀಕರ ಜೊತೆ ಮಾತಾಡುತ್ತದೆ. ಯಾರಿಗೂ ಅಷ್ಟಿಲ್ಲದಿದ್ದರೆ ಪ್ರತಿ ಶೇಕಡಾ 20 ಸದಸ್ಯರಿಗೆ ಒಬ್ಬ ಪ್ರತಿನಿಧಿಯಂತೆ ಯೂನಿಯನ್‌ಗಳು ಕೂಡಿದ ಮಾತುಕತೆಯ ಮಂಡಳಿ. ಮೂರು ಬೋರ್ಡಿನಲ್ಲಿ ಹಂಚಿಹೋದವರು ಯಾವ ಲೆಕ್ಕಕ್ಕೂ ಸಿಗದೆ ಹೋಗಬಹುದು. ಜಿಲ್ಲೆಯ ಮುಖಂಡರು ಇಂಥ ಕಡೆಯಾದರೂ ಕೂತು ಮಾತಾಡಿಕೊಂಡು ಒಬ್ಬರು ಇನ್ನೊಬ್ಬರಿಗೆ ಜಾಗ ಬಿಡಬೇಕು. ಬಿಡುತ್ತಾರಾ? ಬಹಳ ಕಡೆ ಬಿಡುವುದಿಲ್ಲ. ಈ ವಿಷಯದಲ್ಲಿ ನನಗೂ ಅವರ ಮೇಲೆ ಸಿಟ್ಟಿದೆ.

ಚಂದಾದ ಮಾತು. 1926ರ ಟ್ರೇಡ್ ಯೂನಿಯನ್ ಕಾಯ್ದೆ ಕಾಲದಿಂದಲೂ ರಾಜಕೀಯ ನಿಧಿ ಬೇರೆಯೇ ಇಡಬೇಕು, ಅದಕ್ಕೆ ದುಡ್ಡು ಕೊಡಲೇಬೇಕು ಅಂತ ಯಾವ ಸದಸ್ಯನನ್ನೂ ಒತ್ತಾಯಿಸುವ ಹಾಗಿಲ್ಲ, ಕೊಡದವನನ್ನು ಹೊರಗಿಡುವ ಹಾಗೂ ಇಲ್ಲ. ಯೂನಿಯನ್ನಿನ ಲೆಕ್ಕಪುಸ್ತಕ ನೋಡುವ ಹಕ್ಕು ಸದಸ್ಯನಿಗಿದೆ. ನೀವು ಯಾವತ್ತಾದರೂ ನೋಡಿದ್ದೀರಾ? ಕೇಳಿ ನೋಡಿ. ತೋರಿಸುವ ಕಡೆ ಉಳಿಯಿರಿ, ತೋರಿಸದಿದ್ದರೆ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಕೇಳಿ. ನಿಮ್ಮ ಪಾಡಿಗೆ ನೀವಿರಬಹುದು, ಕಾನೂನು ಅಡ್ಡ ಬರುವುದಿಲ್ಲ. ಎಲ್ಲ ಸರಿ ಇದ್ದಾಗ ನಷ್ಟವೂ ಇಲ್ಲ. ಆದರೆ ಮೇಲಿನ ಉದ್ಯಮಬಾಗದ ಹುಡುಗನ ಪತ್ರ ಇನ್ನೊಂದು ಸಲ ಓದಿ.

ಪ್ರಶ್ನೆ: ಕೌನ್ಸಿಲ್‌ನಿಂದ ಮಗಳ ಮದುವೆಗೆ ಸಾಲ ಸಿಗುತ್ತಾ?
— ಬೈಲಹೊಂಗಲ

ಉತ್ತರ: ಇಲ್ಲ. ಅದಕ್ಕೆ ನೌಕರರ ಪತ್ತಿನ ಸಹಕಾರಿ ಸಂಘ ಇದೆ, ಇಲ್ಲವಾದರೆ ನಿಮ್ಮ ಪಿಎಫ್‌ನಲ್ಲೇ ಮದುವೆಗೆ ದುಡ್ಡು ತೆಗೆಯಲು ಅವಕಾಶ ಇದೆ. ಮದುವೆಗೆ ಕರೆದರೆ ಕೌನ್ಸಿಲ್‌ನವರು ಖಂಡಿತ ಬರುತ್ತಾರೆ.

ಪ್ರಶ್ನೆ: ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ 12 ಹಂಗಾಮು ದುಡಿದು ನಿವೃತ್ತನಾದೆ. ಕೊನೆಯ ಪಗಾರ ಬೇಸಿಕ್, ಡಿಎ ಸೇರಿ 15,600. ಗ್ರಾಚ್ಯುಟಿ ಅಂತ ಐವತ್ತು ಸಾವಿರ ಚಿಲ್ಲರೆ ಕೊಟ್ಟರು. ಜೊತೆಯವನಿಗೆ ಲಕ್ಷದ ಮೇಲೆ ಬಂದಿದೆ. ಮೋಸ ಆಗಿದೆಯಾ?
— ಮಾಜಿ ಬಾಯ್ಲರ್ ಕಾರ್ಮಿಕ

ಉತ್ತರ: ಕಾಕಾ, ಲೆಕ್ಕ ಮಾಡೋಣ. 15,600ನ್ನು ತಿಂಗಳ ಕೆಲಸದ ದಿನ ಅಂತ ಹಿಡಿಯುವ 26ರಿಂದ ಭಾಗಿಸಿದರೆ ದಿನಕ್ಕೆ 600. ವರ್ಷಪೂರ್ತಿ ಕೆಲಸದವರಿಗೆ ವರ್ಷಕ್ಕೆ 15 ದಿನದ ಪಗಾರ, ಅಂದರೆ 9,000. ಹನ್ನೆರಡು ವರ್ಷಕ್ಕೆ 1,08,000. ಹಂಗಾಮಿ ಕಾರ್ಮಿಕರಿಗೆ, ಅಂದರೆ ಕಬ್ಬಿನ ಹಂಗಾಮಿನಲ್ಲಷ್ಟೇ ದುಡಿಯುವವರಿಗೆ, ಒಂದು ಹಂಗಾಮಿಗೆ 7 ದಿನ ಮಾತ್ರ, ಅಂದರೆ 4,200. ಹನ್ನೆರಡಕ್ಕೆ 50,400. ನಿಮಗೆ ಕೊಟ್ಟಿರುವುದು ಈ ಎರಡನೆಯದು. ಗುಣಾಕಾರ ತಪ್ಪಿಲ್ಲ. ನಿಮ್ಮನ್ನು ಹಂಗಾಮಿ ಪಟ್ಟಿಯಲ್ಲಿ ಹಾಕಿದ್ದು ಸರಿಯೇ ಅನ್ನುವುದನ್ನು ನೋಡಬೇಕು.

ಬಾಯ್ಲರ್ ಅಂತೀರಿ. ಕಬ್ಬು ನುರಿಸುವುದು ನಿಂತ ಮೇಲೂ ಬಾಯ್ಲರ್ ಸ್ವಚ್ಛ ಮಾಡಲು, ರಿಪೇರಿಗೆ ನಿಮ್ಮನ್ನು ಕರೆಯುತ್ತಿದ್ದರಾ? ವರ್ಷಪೂರ್ತಿ ಕೆಲಸ ಇತ್ತಾ? ಹಾಗಿದ್ದರೆ ನೀವು ಬರೀ ಹಂಗಾಮಿ ಕಾರ್ಮಿಕ ಅಂತ ಹೇಳುವುದು ಕಷ್ಟ. ಮಸ್ಟರ್ (ಹಾಜರಿ ಪುಸ್ತಕ) ಕಾರ್ಖಾನೆಯ ಹತ್ತಿರ ಇರುತ್ತದೆ, ನಿಮಗೆ ಕೊಡುವುದಿಲ್ಲ. ಆದರೆ ಪಿಎಫ್ ಪಾಸ್‌ಬುಕ್ ನಿಮ್ಮದು, ಅದರಲ್ಲಿ ತಿಂಗಳು ತಿಂಗಳು ಕಟ್ಟಿದ್ದು ಬೇರೆ ಬೇರೆ ಸಾಲಿನಲ್ಲಿ ಕಾಣುತ್ತದೆ. ಮಗನ ಕೈಯಲ್ಲಿ ಡೌನ್‌ಲೋಡ್ ಮಾಡಿಸಿ ಜೂನ್, ಜುಲೈ, ಆಗಸ್ಟ್ ತಿಂಗಳು ನೋಡಿ. ಅಲ್ಲಿ ದುಡ್ಡು ಬಿದ್ದಿದ್ದರೆ ಆ ಪ್ರಿಂಟ್ ತೆಗೆದುಕೊಂಡು ನಿಮ್ಮ ಯೂನಿಯನ್ ಮೂಲಕ ಜಿಲ್ಲಾ ಸಮಿತಿಗೆ ಹೋಗಿ. ಗ್ರಾಚ್ಯುಟಿ ತಕರಾರು ಕೇಳುವ ಅಧಿಕಾರಿ ಕಾರ್ಮಿಕ ಇಲಾಖೆಯಲ್ಲೇ ಇರುತ್ತಾರೆ, ಕೋರ್ಟು ಕಚೇರಿ ಅಲೆಯಬೇಕಿಲ್ಲ. ಕಾರ್ಖಾನೆಯ ಮಸ್ಟರ್ ಹಾಜರುಪಡಿಸಿ ಅಂತ ಅವರ ಮುಂದೆ ಕೇಳಬಹುದು. ನಿಮ್ಮ ಜೊತೆ ಮಳೆಗಾಲದಲ್ಲೂ ಕೆಲಸ ಮಾಡಿದವರು ಇನ್ನೂ ಯಾರಾದರೂ ಇದ್ದರೆ ಎಲ್ಲರ ಅರ್ಜಿಯನ್ನೂ ಒಟ್ಟಿಗೇ ಹಾಕಿಸಿ.